ಒಂದೇ ಬಣ್ಣದ ಇಲಿಗಳು

“ಮದ್ದು ಕೊಟ್ಟ ಇಲಿಗಳನ್ನ ಎಲ್ಲಿಂದ ತರಿಸಿದ್ದೆ, ಡ್ವೇನ್?”

ಅಮೆರಿಕದ ಒಮಾಹಾದ ಪ್ರಯೋಗಾಲಯದಲ್ಲಿ, ಶುಕ್ರವಾರದ ಸಭೆಯಲ್ಲಿ, ಎಲ್ಲರೆದುರು ಲೋರ್ನಾ ಕೇಳಿಯೇಬಿಟ್ಟಳು. ಡ್ವೇನ್‌ನ ಮುಖ ಕಪ್ಪಿಟ್ಟಿತು. ಪ್ರೀತಿಸುವ ಹುಡುಗಿ ಹೀಗೆ ಕಟಕಟೆಯಲ್ಲಿ ನಿಲ್ಲಿಸಿದರೆ ಯಾರು ತಾನೇ ಸಹಿಸಿಯಾರು?

ನೋವಿನ ಮಾತ್ರೆ ಅತಿಯಾಗಿ ನುಂಗಿದವರ ಯಕೃತ್ತು ನೋಡನೋಡುತ್ತಲೇ ಹಾಳಾಗುತ್ತದೆ. ಅದನ್ನು ತಡೆಯುವ ಮದ್ದು ತನಗೆ ಸಿಕ್ಕಿತೆಂದು ಅವನು ಬೀಗುತ್ತಿದ್ದ. ಆ ಮಾತ್ರೆ ಅತಿಯಾಗಿ ತಿನ್ನಿಸಿದ ಇಲಿಗಳಲ್ಲಿ ಮದ್ದು ಕೊಟ್ಟವು ಬದುಕಿದ್ದವು, ಕೊಡದವು ಸತ್ತಿದ್ದವು. ಇನ್ನು ರೋಗಿಗಳಿಗೆ ಕೊಟ್ಟು ನೋಡುವುದೊಂದೇ ಬಾಕಿ ಇತ್ತು.

“ಇಲಿ ಸಾಲಲಿಲ್ಲ, ಬೇರೆ ಕಂಪನಿಯಿಂದ ತರಿಸಿದೆ. ಎರಡೂ ಕರಿ ಇಲಿನೇ. ಅದಕ್ಕೇನೀಗ?”

“ಬಣ್ಣ ಒಂದೇ, ತಳಿ ಬೇರೆ. ಆ ತಳಿಯ ಲಿವರ್‌ಗೆ ಈ ಮಾತ್ರೆಯ ವಿಷ ಅಷ್ಟಾಗಿ ತಟ್ಟಲ್ಲ. ಅವು ಬದುಕಿದ್ದು ನಿನ್ನ ಮದ್ದಿನಿಂದಲೇ ಅಂತ ಹೇಗೆ ನಂಬೋದು?”

ಮುಖ್ಯಸ್ಥೆ ಹ್ಯಾಲ್ವರ್ಸನ್ ಕನ್ನಡಕ ತೆಗೆದರು. “ಒಂದೇ ತಳಿಯಲ್ಲಿ ಮತ್ತೆ ಮಾಡಿ.”

ಮಾಡಿದರು. ಮದ್ದು ಕೊಟ್ಟವೂ ಸತ್ತವು. ಸತ್ತ ಇಲಿಗಳನ್ನು ಇಬ್ಬರೂ ಅಕ್ಕಪಕ್ಕ ನಿಂತೇ ಎತ್ತಿಟ್ಟರು. ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ‘ಬೈದುಬಿಡೋ ಮಾರಾಯ... ಸುಮ್ಮನಿರಬೇಡ’ ಎಂದು ಅವಳ ಒಳಗು ಗೋಗರೆಯುತ್ತಿತ್ತು.

ಆ ಸಂಜೆ ಕೆಲಸ ಮುಗಿಸಿ ಹೊರಟವನನ್ನು ಲೋರ್ನಾ ಹಿಮ ತುಂಬಿದ ಪಾರ್ಕಿಂಗ್‌ನಲ್ಲಿ ಅಡ್ಡಗಟ್ಟಿದಳು.

“ನನ್ನ ಮಾನ ಹರಾಜು ಹಾಕಿದ್ದಾಯ್ತಲ್ಲ, ಇನ್ನೇನು ಬೇಕು?”

“ತಪ್ಪು ನಿನ್ನದೇ, ಡ್ವೇನ್.”

“ಗೊತ್ತು ಕಣೇ! ಆದ್ರೆ ಮೊದಲು ನನಗೆ ಹೇಳಬಹುದಿತ್ತಲ್ಲ? ಒಬ್ಬನಿಗೇ?”

ಸಭೆಯ ಹಿಂದಿನ ರಾತ್ರಿಯೆಲ್ಲ ಅವಳು ನಿದ್ದೆಗೆಟ್ಟು ಯೋಚಿಸಿದ್ದು ಇದನ್ನೇ.

“ಹೇಳಿದ್ದಿದ್ರೆ ಸುಮ್ಮನಿರು ಅಂತ ನೀನು ಕೇಳ್ತಿದ್ದೆ. ನೀನು ಕೇಳಿದ್ರೆ... ನಾನು ಸುಮ್ಮನಿದ್ದುಬಿಡ್ತಿದ್ದೆ. ನಿನ್ನನ್ನ ಅಷ್ಟು ಪ್ರೀತಿಸ್ತೀನಿ. ಅದಕ್ಕೇ ಹೆದರಿದೆ. ನಾಳೆ ಯಾರದೋ ಮಗು ಆ ಮದ್ದನ್ನ ನಂಬ್ಕೊಂಡು ಸಾಯ್ತಿತ್ತು.”

ಡ್ವೇನ್ ಕಾರಿಗೆ ಒರಗಿ ನಿಂತ. ಇಲ್ಲ, ಹಾಗೆ ಕೇಳುತ್ತಿರಲಿಲ್ಲ ಎನ್ನಲು ಬಾಯಿ ತೆರೆದ. ಸುಳ್ಳು ಬಾಯಿಗೆ ಬರಲಿಲ್ಲ.

“ಕೇಳ್ತಿದ್ದೆ,” ಎಂದ.

ಅವಳು ಅತ್ತಳು. ಅವನು ಕಣ್ಣೊರೆಸಲಿಲ್ಲ, ಆದರೆ ಕಾರನ್ನೂ ಹತ್ತಲಿಲ್ಲ.

“ಕೋಪ ಹೋಯ್ತಾ?”

“ಇಲ್ಲ. ಬೇಗ ಹೋಗೋದೂ ಇಲ್ಲ.”

“ಪರವಾಗಿಲ್ಲ... ನಾನು ಇಲ್ಲೇ ಇರ್ತೀನಿ.”

ಅವನು ಅವಳ ತಣ್ಣಗಾದ ಕೈಗಳನ್ನು ಹಿಡಿದುಕೊಂಡ.

“ಇರು,” ಎಂದ.