ಗಿಲ್ಬರ್ಟರ ಬಿಯರಿಗೊಂದು ಮೂಗು

"ಸಕ್ಕರೆ ಹೆಚ್ಚಾಗಿದೆ. ತಾಪ ಹೆಚ್ಚಾಗಿದೆ. ಕಹಿ ವಿಪರೀತವಾಗಿದೆ. ದಯವಿಟ್ಟು ಇದನ್ನು ಯಾರಿಗೂ ಕೊಡಬೇಡಿ," ಎಂದಿತು ಬಕೆಟ್ಟಿನಲ್ಲಿ ನಿಂತಿದ್ದ ಕಡ್ಡಿ.

ಗಿಲ್ಬರ್ಟ್ ಸಲ್ಡಾನ ಬಕೆಟ್ಟಿನ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಮಂಗಳೂರಿನ ಬಂದರಿನಲ್ಲಿ ಮೂವತ್ತೆರಡು ವರ್ಷ ಕ್ರೇನ್ ನಡೆಸಿ ನಿವೃತ್ತರಾದವರು ಅವರು. ಯಂತ್ರಗಳು ಕೆಟ್ಟದ್ದನ್ನು ಕಂಡಿದ್ದರು, ಕೈಕೊಟ್ಟದ್ದನ್ನೂ ಕಂಡಿದ್ದರು. ಮುಖಕ್ಕೆ ಹೊಡೆದಂತೆ ಮಾತಾಡುವ ಯಂತ್ರವನ್ನು ಕಂಡದ್ದು ಇದೇ ಮೊದಲು.

"ಕೇಳಿದಿಯಾ ಐರಿನ್? ಇದಕ್ಕೆ ಮರ್ಯಾದೆ ಅಂತ ಒಂದು ಇಲ್ಲ!"

"ಮೋನಪ್ಪಣ್ಣನಿಗೆ ಮರ್ಯಾದೆ ಜಾಸ್ತಿಯಾಗಿಯೇ ನನ್ನ ಕರಿಬೇವಿನ ಗಿಡ ಸತ್ತದ್ದು," ಎಂದರು ಅವರ ಹೆಂಡತಿ ಅಡುಗೆಮನೆಯಿಂದ.

ಮಾತು ನಿಜವಾಗಿತ್ತು. ಪಕ್ಕದ ಮನೆಯ ಮೋನಪ್ಪ ಕರ್ಕೇರರು ಪ್ರತಿ ಭಾನುವಾರ ಸಂಜೆ ತಾರಸಿಗೆ ಬಂದು ಗಿಲ್ಬರ್ಟರ ಬಿಯರನ್ನು ಹೊಗಳುತ್ತಿದ್ದರು. ಗಿಲ್ಬರ್ಟ್ ಆಚೆ ತಿರುಗಿದಾಗ ಗ್ಲಾಸನ್ನು ಕರಿಬೇವಿನ ಕುಂಡಕ್ಕೆ ಬಗ್ಗಿಸುತ್ತಿದ್ದರು. ಗಿಡ ಎರಡು ತಿಂಗಳು ತಡೆಯಿತು. ಅದು ಒಣಗಿದ ದಿನ ಮೋನಪ್ಪನವರು ತಪ್ಪೊಪ್ಪಿಕೊಂಡರು. ಮಾರನೆಯ ದಿನವೇ ಗಿಲ್ಬರ್ಟ್ ಈ ಕಡ್ಡಿಯನ್ನು ತಂದದ್ದು.

ಅದು ೨೦೫೮ರ ಜನವರಿ. ಆ ಹೊತ್ತಿಗೆ ಮನೆಯಲ್ಲಿ ಬಿಯರ್ ಮಾಡುವುದು ಉಪ್ಪಿನಕಾಯಿ ಹಾಕಿದಷ್ಟೇ ಸಾಮಾನ್ಯವಾಗಿತ್ತು. ಅಂಗಡಿಯಲ್ಲಿ ಕಿಟ್ ಸಿಗುತ್ತಿತ್ತು: ಒಂದು ಡಬ್ಬಿಯಲ್ಲಿ ಜೋನಿಬೆಲ್ಲದಂತೆ ಮಂದವಾದ, ಮೊಳಕೆ ಬರಿಸಿದ ಬಾರ್ಲಿಯ ಮಾಲ್ಟ್ ಪಾಕ, ಜೊತೆಗೆ ಒಂದು ಪೊಟ್ಟಣ ಯೀಸ್ಟ್. ಪಾಕವನ್ನು ಬಿಸಿನೀರಿನಲ್ಲಿ ಕದಡಿ, ತಣಿಸಿ, ಯೀಸ್ಟ್ ಉದುರಿಸಿ ಎರಡು ವಾರ ಕಾದರೆ ಬಿಯರ್ ಸಿದ್ಧ. ಆದರೆ ಯಾರು ಮಾಡಿದರೂ ಅದಕ್ಕೊಂದು ಸಪ್ಪೆ ಡಬ್ಬಿ ರುಚಿ ತಪ್ಪುತ್ತಿರಲಿಲ್ಲ. ಅದನ್ನು ನೀಗಲು ಜನ ಹಾಪ್ಸ್ ಸೇರಿಸುತ್ತಿದ್ದರು. ಹಾಪ್ಸ್ ಎಂದರೆ ಒಂದು ಬಳ್ಳಿಯ ಒಣ ಹೂವು. ಕುದಿಸಿದರೆ ಕಹಿ ಬಿಡುತ್ತದೆ. ಕುದಿಸದೆ ಕೊನೆಯ ಮೂರು ದಿನ ಸುಮ್ಮನೆ ನೆನೆಹಾಕಿದರೆ ಪರಿಮಳ ಬಿಡುತ್ತದೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದರಲ್ಲಿಯೇ ಎಲ್ಲ ಗುಟ್ಟು.

ಆ ಗುಟ್ಟನ್ನು ಬಿಡಿಸಲೆಂದೇ ಸುರತ್ಕಲ್ ಕಡೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಡಾಕ್ಟರ್ ವಾರಿಜಾ ಬಂಗೇರ ಎಂಬ ವಿಜ್ಞಾನಿ 'ಘ್ರಾಣಶಲಾಕೆ'ಯನ್ನು ರೂಪಿಸಿದ್ದರು. ಒಂದು ಗೇಣುದ್ದದ ಗಾಜಿನ ಸರಳು ಅದು. ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಗ್ರಾಹಕಗಳಂಥ ನಾನೂರು ಬಗೆಯ ಪ್ರೋಟೀನುಗಳನ್ನು ಅದರ ಮೈಮೇಲೆ ಕೂರಿಸಿದ್ದರು. ವಾಸನೆಯ ಅಣು ತಗುಲಿದೊಡನೆ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಯಾವ ಗ್ರಾಹಕದಲ್ಲಿ ಎಷ್ಟು ಹುಟ್ಟಿತು ಎಂಬುದರಿಂದ ಯಂತ್ರ ವಾಸನೆಯನ್ನು ಗುರುತಿಸುತ್ತದೆ. ಹೆಸರನ್ನು ಉಚ್ಚರಿಸಲಾಗದ ಜನ ಅದನ್ನು 'ಮೂಗುಕಡ್ಡಿ' ಎಂದು ಕರೆದರು. ಆ ಹೆಸರೇ ನಿಂತಿತು.

ಕಡ್ಡಿಯ ಜೊತೆ ಒಂದು ಪುಟ್ಟ ಪೆಟ್ಟಿಗೆಯೂ ಬರುತ್ತಿತ್ತು. ಅದರೊಳಗೆ ನಾಲ್ಕು ಗೂಡು, ನಾಲ್ಕು ಬಗೆಯ ಹಾಪ್ಸ್. ಒಂದಕ್ಕೆ ನಿಂಬೆಸಿಪ್ಪೆಯ ವಾಸನೆ, ಒಂದಕ್ಕೆ ಕಾಡುಮಾವಿನದು, ಒಂದಕ್ಕೆ ಮರದ ಅಂಟಿನದು, ಇನ್ನೊಂದಕ್ಕೆ ಒಣಹುಲ್ಲಿನದು. ಬೆಳಿಗ್ಗೆ ನಾಲ್ಕು ಸಲ, ಸಂಜೆ ನಾಲ್ಕು ಸಲ ಪೆಟ್ಟಿಗೆ ಕೂಗಿ, ಒಳಗೇ ಗೂಡುಗಳ ಜಾಗ ಬದಲಿಸಿ, ಯಾವುದಾದರೊಂದನ್ನು ತೆರೆಯುತ್ತಿತ್ತು. ಮಾಲೀಕರು ಮೂಸಿ, ಅದು ಯಾವುದೆಂದು ಗುಂಡಿ ಒತ್ತಬೇಕು. ಪೆಟ್ಟಿಗೆ ಸರಿಯುತ್ತರ ಹೇಳಿ, ಲೆಕ್ಕವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು. ಅವರ ಮೂಗಿನ ಗುಣ ತಿಳಿದರೆ ಅವರಿಗೆ ಒಪ್ಪುವ ಬಿಯರನ್ನು ಮಾಡಿಸಬಹುದು ಎಂಬುದು ವಾರಿಜಾರ ಲೆಕ್ಕಾಚಾರ. ಮೋಸ ಮಾಡುವವರನ್ನು ತಡೆಯಲು ಉಸಿರಿನ ಮಾಪಕವನ್ನೂ ಇಟ್ಟಿದ್ದರು. ನಿಜವಾಗಿ ಉಸಿರೆಳೆದು ಮೂಸದಿದ್ದರೆ ಪೆಟ್ಟಿಗೆ ಒಪ್ಪದು, ಕೂಗುವುದನ್ನೂ ನಿಲ್ಲಿಸದು.

ಗಿಲ್ಬರ್ಟರ ತಾಳ್ಮೆ ಎರಡು ದಿನಕ್ಕೆ ಮುಗಿಯಿತು. ಪೆಟ್ಟಿಗೆ ಕೂಗುವ ಹೊತ್ತಿಗೆ ಸರಿಯಾಗಿ ಅವರು ಗಾಳ ಹಿಡಿದು, ನದಿ ಕಡಲು ಸೇರುವ ಅಳಿವೆಬಾಗಿಲಿಗೆ ಹೊರಟುಬಿಡುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಐರಿನ್. ಅದರ ಬಾಯಿ ಮುಚ್ಚಿಸಲೆಂದು ಅವರು ಒದ್ದೆ ಕೈ ಒರೆಸಿಕೊಂಡು ಬಂದು, ಗೂಡಿಗೆ ಮೂಗು ಒಡ್ಡಿ, ಕೈಗೆ ಸಿಕ್ಕಿದ ಗುಂಡಿ ಒತ್ತಿ ಒಳಗೆ ಹೋಗುತ್ತಿದ್ದರು.

ಐರಿನ್‌ಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಆರು ವರ್ಷದ ಹಿಂದೆ ಬಂದ ಒಂದು ಜ್ವರ ಬಿಟ್ಟುಹೋಗುವಾಗ ಅವರ ಘ್ರಾಣಶಕ್ತಿಯನ್ನೂ ಹೊತ್ತುಕೊಂಡು ಹೋಗಿತ್ತು. ಊರಿನ ಅರ್ಧ ಮದುವೆಗಳಿಗೆ ಅಡುಗೆ ಮಾಡಿಸಿದ ಹೆಂಗಸು, ಒಗ್ಗರಣೆ ಕರಟಿದ್ದು ತಿಳಿಯದೆ ಗಡಿಯಾರ ನೋಡಿಕೊಂಡು ಒಲೆ ಆರಿಸುವಂತಾಯಿತು. ಊಟವೆಂದರೆ ಅವರಿಗೆ ಒಂದಿಷ್ಟು ಉಪ್ಪು, ಹುಳಿ, ಮತ್ತೆ ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ, ಅಷ್ಟೇ. ಆ ದಿನಗಳಲ್ಲೊಮ್ಮೆ ಗಿಲ್ಬರ್ಟ್ ಕೈತಪ್ಪಿ ಬಿಯರಿಗೆ ಎರಡು ಮುಷ್ಟಿ ಹಾಪ್ಸ್ ಹೆಚ್ಚು ಹಾಕಿ ಕುದಿಸಿಬಿಟ್ಟರು. ಒಂದು ಗುಟುಕು ಕುಡಿದ ಐರಿನ್ ತಲೆಯೆತ್ತಿ, "ಇದು ಗೊತ್ತಾಗ್ತದೆ," ಎಂದರು. ಅಷ್ಟೇ ಹೇಳಿದ್ದು. ಅಂದಿನಿಂದ ಗಿಲ್ಬರ್ಟ್ ಪ್ರತಿ ಸಲವೂ ಎರಡು ಮುಷ್ಟಿ ಹೆಚ್ಚೇ ಹಾಕುತ್ತ ಬಂದರು. ಕಾರಣವನ್ನು ಮೋನಪ್ಪನವರಿಗೂ ಹೇಳಿರಲಿಲ್ಲ.

ಕಡ್ಡಿಯ ಪಾಠ ಮಾತ್ರ ಫಲ ಕೊಟ್ಟಿತು. ಸಕ್ಕರೆಯ ಬದಲು ಒಣ ಮಾಲ್ಟಿನ ಪುಡಿ ಹಾಕಿಸಿತು. ಮಂಗಳೂರಿನ ಸೆಕೆಯಲ್ಲಿ ಬೇಯುತ್ತಿದ್ದ ಬಕೆಟ್ಟನ್ನು ಹಳೆಯ ಫ್ರಿಜ್ಜಿನಲ್ಲಿರಿಸಿ ಹತ್ತೊಂಬತ್ತು ಡಿಗ್ರಿಗೆ ಇಳಿಸಿತು. "ಡಬ್ಬಿಯ ಪಾಕದಲ್ಲಿ ಕಹಿ ಮೊದಲೇ ಇದೆ, ಹಾಪ್ಸ್ ಕುದಿಸಬೇಡಿ, ಕೊನೆಗೆ ನೆನೆಹಾಕಿ," ಎಂದು ಹಟಹಿಡಿಯಿತು. ಏಪ್ರಿಲ್ ಕೊನೆಗೆ ಸಿದ್ಧವಾದ ಬಿಯರನ್ನು ಮೋನಪ್ಪನವರು ಒಂದು ಗ್ಲಾಸು ಕುಡಿದು ಇನ್ನೊಂದಕ್ಕೆ ಕೈ ಒಡ್ಡಿದರು.

"ಗಿಲ್ಬರ್ಟ್ ಪೊರ್ಬುಗಳೇ, ಇದು ನೀವೇ ಮಾಡಿದ್ದಾ? ದೇವರಾಣೆಗೂ ಕುಂಡಕ್ಕೆ ಹಾಕಲಿಲ್ಲ!"

ಗಿಲ್ಬರ್ಟ್ ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದರು. ಐರಿನ್ ಗ್ಲಾಸನ್ನು ಕೆಳಗಿಟ್ಟು ನಗಲು ಯತ್ನಿಸಿದರು.

"ಒಳ್ಳೆಯದಾಗಿರಬೇಕು. ನನಗೆ ನೀರಿನ ಹಾಗೆ ಉಂಟು."

ಮರುದಿನ ಬೆಳಿಗ್ಗೆ ಗಿಲ್ಬರ್ಟ್ ಗಾಳ ಹಿಡಿದು ಹೋಗಲಿಲ್ಲ. ನೇರ ಪ್ರಯೋಗಾಲಯಕ್ಕೆ ಫೋನ್ ಹಚ್ಚಿದರು.

"ನಿಮ್ಮ ಕಡ್ಡಿಯ ಬಾಯಿ ಮುಚ್ಚಿಸಬೇಕು, ಮೇಡಂ. ನಾನು ಹಾಪ್ಸ್ ಕುದಿಸಲಿಕ್ಕೆ ಹೊರಟರೆ ಬೈತದೆ. ನನಗೆ ಕಹಿ ಬೇಕು."

"ಗಿಲ್ಬರ್ಟ್ ಸಲ್ಡಾನ ಅಂದರೆ ನೀವೇಯಾ?" ಎಂದರು ಆ ಕಡೆಯಿಂದ ವಾರಿಜಾ. "ನಾನೇ ನಿಮಗೆ ಫೋನ್ ಮಾಡಬೇಕೆಂದಿದ್ದೆ. ಇವತ್ತು ಮನೆಯಲ್ಲಿರ್ತೀರಾ? ನಿಮ್ಮ ಪೆಟ್ಟಿಗೆಯಲ್ಲಿ ಏನೋ ದೋಷ ಉಂಟು."

ಹನ್ನೊಂದು ಗಂಟೆಗೆ ಅವರು ಬಂದರು. ನಲವತ್ತರ ಆಸುಪಾಸಿನ, ಚಪ್ಪಲಿ ಕಳಚುವ ಮೊದಲೇ ಪ್ರಶ್ನೆ ಶುರುಮಾಡುವ ಹೆಂಗಸು. ಪರದೆಯೊಂದನ್ನು ಮೇಜಿನ ಮೇಲೆ ಬಿಡಿಸಿದರು.

"ನೋಡಿ ಸರ್. ಸಾಮಾನ್ಯ ಜನ ಮೊದಲ ವಾರದಲ್ಲೇ ಎಂಟಕ್ಕೆ ಏಳು ಸರಿ ಹೇಳ್ತಾರೆ. ನಿಮ್ಮದು ಮೊದಲ ತಿಂಗಳು ಎಂಟಕ್ಕೆ ಎರಡು. ಕಣ್ಣುಮುಚ್ಚಿ ಗುಂಡಿ ಒತ್ತಿದರೂ ಅಷ್ಟು ಬರ್ತದೆ. ಎರಡನೆಯ ತಿಂಗಳೂ ಎರಡೇ. ಯಂತ್ರ ಕೆಟ್ಟಿದೆ ಎಂದುಕೊಂಡೆ. ಮೂರನೆಯ ತಿಂಗಳು ಮೂರಾಯಿತು. ಕಳೆದ ವಾರ ನೋಡಿದರೆ ಐದು! ಕೆಟ್ಟ ಯಂತ್ರ ತನ್ನಷ್ಟಕ್ಕೆ ಸರಿಯಾಗುವುದುಂಟಾ? ನೀವು ಎಂತ ಮಾಡಿದಿರಿ?"

"ನಾನು ಎಂತದೂ ಮಾಡಲಿಲ್ಲ," ಎಂದು ಗಿಲ್ಬರ್ಟ್ ತಲೆ ಕೆರೆದುಕೊಂಡರು. "ಮೂಸುವುದು ಇವಳು."

"ನನ್ನ ತಪ್ಪು," ಎಂದರು ಐರಿನ್ ಸಂಕೋಚದಿಂದ. "ನನಗೆ ವಾಸನೆಯೇ ಬರುವುದಿಲ್ಲ, ಡಾಕ್ಟ್ರೇ. ಅದು ಕೂಗ್ತದೆ ಅಂತ ಸುಮ್ಮನೆ ಯಾವುದೋ ಒಂದು ಒತ್ತುತ್ತಿದ್ದೆ."

ವಾರಿಜಾ ಪರದೆಯನ್ನು ನೋಡಿದರು, ಐರಿನ್‌ರನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಕುರ್ಚಿ ಎಳೆದು ಅವರ ಎದುರಿಗೇ ಕುಳಿತರು.

"ಈಗಲೂ ಸುಮ್ಮನೆಯೇ ಒತ್ತುತ್ತೀರಾ?"

ಐರಿನ್ ಸೆರಗಿನ ತುದಿಯನ್ನು ಮಡಿಸುತ್ತ ಬಿಚ್ಚುತ್ತ ಹೇಳಿದರು. "ಹೇಗೆ ಹೇಳುವುದೋ ಗೊತ್ತಿಲ್ಲ. ಒಂದು ಗೂಡು ತೆರೆದರೆ ಇಲ್ಲಿ ಏನೋ ಮುಟ್ಟಿದ ಹಾಗೆ ಆಗ್ತದೆ," ಎಂದು ಹುಬ್ಬುಗಳ ನಡುವೆ ಬೆರಳಿಟ್ಟರು. "ವಾಸನೆ ಅಲ್ಲ. ಯಾರೋ ಬಾಗಿಲಲ್ಲಿ ನಿಂತಿದ್ದಾರೆ, ಮುಖ ಕಾಣುವುದಿಲ್ಲ, ಹಾಗೆ. ಹುಚ್ಚು ಅಂತಾರೆ ಅಂತ ಯಾರಿಗೂ ಹೇಳಲಿಲ್ಲ."

ಗಿಲ್ಬರ್ಟ್ ಎದ್ದು ನಿಂತರು. "ಯಾವಾಗಿನಿಂದ?"

"ಈಸ್ಟರ್ ಕಳೆದ ಮೇಲೆ."

ವಾರಿಜಾ ಅಲ್ಲಿಯೇ ಪರೀಕ್ಷೆ ಮಾಡಿದರು. ಕರ್ಚೀಫಿನಿಂದ ಐರಿನ್‌ರ ಕಣ್ಣು ಕಟ್ಟಿ, ಗೂಡುಗಳನ್ನು ಹಿಂದುಮುಂದು ಮಾಡಿ ಇಪ್ಪತ್ತು ಸಲ ಮೂಸಿಸಿದರು. ಹದಿಮೂರು ಸರಿಯಾದವು. ನಿಂಬೆಸಿಪ್ಪೆಯದು ಒಂದು ಸಲವೂ ತಪ್ಪಲಿಲ್ಲ.

"ಇದು ಹೇಗೆ, ಡಾಕ್ಟ್ರೇ?" ಗಿಲ್ಬರ್ಟರ ದನಿ ಇಳಿದಿತ್ತು. "ಆಸ್ಪತ್ರೆಯವರು ಕೊನೆಗೆ ಆಗುವುದಿಲ್ಲ ಅಂದಿದ್ದರು."

"ನಾಲಿಗೆಗೆ ಗೊತ್ತಾಗುವುದು ಐದೇ ರುಚಿ, ಸರ್. ಅದರಲ್ಲಿ ಕಹಿ ಒಂದು. ಅದಕ್ಕೇ ಇವರಿಗೆ ನಿಮ್ಮ ಹಳೆಯ ಬಿಯರ್ ತಿಳಿದದ್ದು. ಉಳಿದ ರುಚಿಯೆಲ್ಲ ನಿಜವಾಗಿ ಮೂಗಿನದೇ ಕೆಲಸ. ಮೂಗಿನ ನರಕೋಶಗಳು ಸತ್ತರೂ ಹೊಸದು ಹುಟ್ಟುತ್ತಲೇ ಇರ್ತವೆ. ಆದರೆ ಹೊಸಬರಿಗೆ ಕೆಲಸ ಕಲಿಸಬೇಕಲ್ಲ? ಅದೇ ನಾಲ್ಕು ವಾಸನೆಯನ್ನು ದಿನಕ್ಕೆ ಎರಡು ಹೊತ್ತು, ತಿಂಗಳುಗಟ್ಟಲೆ ಮೂಸಿದರೆ ಕೆಲವರಿಗೆ ದಾರಿ ತೆರೆಯುತ್ತದೆ. ಎಲ್ಲರಿಗೂ ಅಲ್ಲ. ಹೀಗೆ ಮೂಸಲಿಕ್ಕೆ ವೈದ್ಯರು ಹೇಳಿಯೇ ಹೇಳ್ತಾರೆ. ಏನೂ ಬಾರದ ಗಾಳಿಯನ್ನು ಮೂಸಿ ಮೂಸಿ ಜನ ಹತ್ತು ದಿನಕ್ಕೆ ಬಿಟ್ಟುಬಿಡ್ತಾರೆ."

"ನಾನೂ ಬಿಟ್ಟಿದ್ದೆ, ಜ್ವರ ಬಂದ ವರ್ಷ," ಎಂದರು ಐರಿನ್.

"ಈ ಸಲ ಪೆಟ್ಟಿಗೆ ಬಿಡಲಿಲ್ಲ." ವಾರಿಜಾ ನಕ್ಕರು. "ನಾನು ಬಿಯರಿಗೆ ಅಂತ ಮಾಡಿದ್ದು, ಐರಿನ್ ಬಾಯಮ್ಮ. ನನ್ನ ಅಜ್ಜ ಕಳ್ಳು ಇಳಿಸ್ತಿದ್ದರು, ಎಷ್ಟು ಹುಳಿಯಾಗಿದೆ ಅಂತ ಮೂಸಿಯೇ ಹೇಳ್ತಿದ್ದರು. ಅವರ ಮೂಗು ಎಲ್ಲರಿಗೂ ಸಿಗಲಿ ಅಂತ ಹೊರಟೆ. ಇದು ನನ್ನ ತಲೆಯಲ್ಲೇ ಇರಲಿಲ್ಲ."

ಪೂರ್ತಿ ಮರಳುತ್ತದೆಂದು ಅವರು ಮಾತು ಕೊಡಲಿಲ್ಲ. ಮೂಸುವುದನ್ನು ನಿಲ್ಲಿಸಬಾರದು ಎಂದಷ್ಟೇ ಹೇಳಿದರು. ಹೋಗುವ ಮುನ್ನ ಕಡ್ಡಿಯ ಕಹಿಮಿತಿಯನ್ನೂ ಸಡಿಲಿಸಿಕೊಟ್ಟರು. ಅಂದಿನಿಂದ ಗಿಲ್ಬರ್ಟರ ಮನೆಯಲ್ಲಿ ಎರಡು ಬಕೆಟ್: ಅತಿಥಿಗಳಿಗೆ ಪರಿಮಳದ್ದು, ಐರಿನ್‌ಗೆ ಕಹಿಯದು. ಪೆಟ್ಟಿಗೆ ಕೂಗುವ ಹೊತ್ತಿಗೆ ಗಿಲ್ಬರ್ಟ್ ಈಗ ಮೀನಿಗೆ ಹೋಗುತ್ತಿರಲಿಲ್ಲ. ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು, ತಾವೇ ಪರೀಕ್ಷೆ ಬರೆಯುವವರಂತೆ ಕೈ ಹಿಸುಕಿಕೊಳ್ಳುತ್ತ. ಮಳೆಗಾಲದಲ್ಲಿ ಲೆಕ್ಕ ಆರಕ್ಕೆ ಏರಿ ಅಲ್ಲಿಯೇ ನಿಂತುಬಿಟ್ಟಿತು. ಸೆಪ್ಟೆಂಬರಿನಲ್ಲಿ ಎರಡು ವಾರ ಮತ್ತೆ ನಾಲ್ಕಕ್ಕೆ ಜಾರಿದಾಗ ಐರಿನ್ ಪೆಟ್ಟಿಗೆಯನ್ನು ಕಪಾಟಿನೊಳಗೆ ತಳ್ಳಿದರು. ಅದು ಕಪಾಟಿನೊಳಗಿಂದಲೇ ಕೂಗಿತು. ಗಿಲ್ಬರ್ಟ್ ಅದನ್ನು ತೆಗೆದು ಮೇಜಿನ ಮೇಲಿಟ್ಟರು.

ನವೆಂಬರಿನಲ್ಲಿ ಐರಿನ್‌ರ ಹುಟ್ಟುಹಬ್ಬ ಬಂತು. ಮಧ್ಯಾಹ್ನದ ಊಟಕ್ಕೆ ಮೊದಲು ಗಿಲ್ಬರ್ಟ್ ಹೆಂಡತಿಯ ಬಕೆಟ್ಟಿನ ಹೊಸ ಬಿಯರನ್ನು ನೊರೆ ಏಳುವಂತೆ ಸುರಿದು ತಂದರು. ಐರಿನ್ ಗ್ಲಾಸನ್ನು ತುಟಿಯ ಹತ್ತಿರ ಒಯ್ದು ತಟ್ಟನೆ ನಿಲ್ಲಿಸಿದರು.

"ಇದು ಎಂತ ವಾಸನೆ?"

"ಹಾಪ್ಸ್. ಇವತ್ತಿಗೆ ಅಂತ ಇನ್ನೂ ಒಂದು ಮುಷ್ಟಿ ಜಾಸ್ತಿ."

"ಹಾಪ್ಸ್ ನನಗೆ ಗೊತ್ತುಂಟು. ಅದರ ಅಡಿಯಲ್ಲಿ ಬೇರೆ ಒಂದು ಉಂಟಲ್ಲ." ಅವರು ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರೆಳೆದರು. "ಒದ್ದೆ ಗೋಣಿ. ಒದ್ದೆ ಗೋಣಿಯನ್ನು ಮೂರು ದಿನ ಮೂಲೆಯಲ್ಲಿ ಬಿಟ್ಟ ಹಾಗೆ."

ಗಿಲ್ಬರ್ಟ್ ಗ್ಲಾಸು ಇಸಿದುಕೊಂಡು ಮೂಸಿದರು. ನಿಜ. ಡಬ್ಬಿ ಅವಧಿ ಮೀರಿದ್ದಿರಬೇಕು, ಸಡಗರದಲ್ಲಿ ನೋಡಿರಲಿಲ್ಲ, ಕಡ್ಡಿಯನ್ನೂ ಅದ್ದಿರಲಿಲ್ಲ.

"ಆರು ವರ್ಷ ನಾನು ಕುಡಿದದ್ದು ಇಂಥದ್ದನ್ನೇಯಾ?"

"ಹೆಚ್ಚುಕಮ್ಮಿ ಇಂಥದ್ದೇ," ಎಂದರು ಗಿಲ್ಬರ್ಟ್. ಅವರ ಕಣ್ಣು ತುಂಬಿ ಬಂದಿತ್ತು.

"ನನ್ನ ದೇವರೇ!"

ಅಷ್ಟರಲ್ಲಿ ಗಿಲ್ಬರ್ಟ್ ಫೋನ್ ಹಿಡಿದು ಜಗಲಿಗೆ ಓಡಿಯಾಗಿತ್ತು. ಬೀದಿಯ ಆ ತುದಿಯವರೆಗೆ ಕೇಳಿತು ಅವರ ಕೂಗು. "ಡಾಕ್ಟ್ರೇ! ನನ್ನ ಬಿಯರ್ ನಾರ್ತದಂತೆ! ಒದ್ದೆ ಗೋಣಿಯ ಹಾಗೆ ನಾರ್ತದಂತೆ! ಐರಿನ್ ಹೇಳಿದ್ದು!"

ಆ ಕಡೆಯಿಂದ ವಾರಿಜಾರೂ ಅಷ್ಟೇ ಜೋರಾಗಿ ಕೇಳಿದರು. "ಕಡ್ಡಿ ಏನು ಹೇಳ್ತದೆ, ಸರ್?"

"ಅದನ್ನು ಇನ್ನು ಯಾರು ಕೇಳ್ತಾರೆ, ಮಾರಾಯ್ರೇ!" ಎಂದರು ಗಿಲ್ಬರ್ಟ್.