ಷಡ್ಡಕನ ಕಲರ್ ಕಂಪ್ಯೂಟರು

ಇಪ್ಪತ್ತೆರಡು ವರ್ಷ ಚನ್ನಗಿರಿಯಲ್ಲಿ ಟೈಪಿಂಗ್ ಎಂದರೆ ಪಂಚಾಕ್ಷರಪ್ಪ ಎಂದೇ ಅರ್ಥವಿತ್ತು. ಊರಿನ ತಾಲ್ಲೂಕು ಕಚೇರಿಯಿಂದ ಹೊನ್ನಾಳಿಯ ಕೋರ್ಟಿನವರೆಗೆ ಕೀಲಿ ಒತ್ತುವ ಬೆರಳುಗಳೆಲ್ಲ ಅವನ ಟೈಪಿಂಗ್ ಶಾಲೆಯ ಹದಿನೇಳು ಯಂತ್ರಗಳ ಮೇಲೆ ಪಳಗಿದವು. 1989ರ ಬೇಸಿಗೆಯ ಹೊತ್ತಿಗೆ ಆ ಹದಿನೇಳರಲ್ಲಿ ಹದಿನಾಲ್ಕು ಮುಸುಕು ಹೊದ್ದು ಮಲಗಿದ್ದವು. ಕಾರಣ ರಸ್ತೆಯ ಆಚೆ ಬದಿಯಲ್ಲಿತ್ತು. ಆ ಕಾರಣಕ್ಕೆ ಅವನ ಹೆಂಡತಿಯ ತಂಗಿಯನ್ನೇ ಕೊಟ್ಟು ಮದುವೆ ಮಾಡಿದ್ದರು.

ಷಡ್ಡಕ ಷಣ್ಮುಖಪ್ಪ ಮೊದಲು ಸೈಕಲ್ ಅಂಗಡಿ ಇಟ್ಟಿದ್ದವನು. ಅದನ್ನು ಮುಚ್ಚಿ ಬೆಂಗಳೂರಿನಿಂದ ಒಂದು ಕಂಪ್ಯೂಟರು ತಂದು, ಬಾಗಿಲಿಗೆ ಗಾಜು ಹಾಕಿಸಿ, ಚಪ್ಪಲಿ ಹೊರಗೆ ಬಿಡಿಸತೊಡಗಿದ. ಪಂಚಾಕ್ಷರಪ್ಪನ ಶಿಷ್ಯರು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಅದನ್ನೂ ಅವನು ಸಹಿಸಿದ್ದ. ಆದರೆ ಯುಗಾದಿಯ ಮಾರನೆಯ ದಿನ ಷಣ್ಮುಖಪ್ಪ ಪಾರ್ಸಲ್‌ನಲ್ಲಿ ಒಂದು ಕಲರ್ ಕಾರ್ಡು, ಒಂದು ಕಲರ್ ಪರದೆ ತರಿಸಿ, ಸೈಕಲ್ ರಿಪೇರಿಯ ಸ್ಕ್ರೂಡ್ರೈವರಿನಿಂದಲೇ ಪೆಟ್ಟಿಗೆ ಬಿಚ್ಚಿ ಕೂರಿಸಿಬಿಟ್ಟ.

"ಪ್ರೇಮನ ಗಂಡ ಕಲರ್ ತಂದಾನೆ," ಎಂದಳು ಹೆಂಡತಿ ಕಸ್ತೂರಮ್ಮ, ಊಟಕ್ಕೆ ಬಡಿಸುತ್ತ.

"ನಮ್ಮಲ್ಲೂ ಐತೆ. ರಿಬ್ಬನ್ನು ಅರ್ಧ ಕಪ್ಪು, ಅರ್ಧ ಕೆಂಪು."

"ಅದೂ ಈಗ ಒಂದೇ ಬಣ್ಣಕ್ಕೆ ಬಂದೈತೆ. ಬದಲಿಸ್ರಿ," ಎಂದು ಅವಳು ಸಾರು ಬಿಟ್ಟು ಹೋದಳು. ಪಂಚಾಕ್ಷರಪ್ಪ ಆ ಕ್ಷಣದಲ್ಲಿ ಅಪರಾಧಿಯಾದ. ಉಳಿದದ್ದು ಬರೀ ವಿವರ.

ವಿವರಕ್ಕೆ ದೈವವೇ ಅನುಕೂಲ ಮಾಡಿಕೊಟ್ಟಂತಿತ್ತು. ಕಲರ್ ಬಂದ ದಿನದಿಂದ ಷಣ್ಮುಖಪ್ಪನ ಕಂಪ್ಯೂಟರಿಗೆ ಮೂರ್ಛೆರೋಗ ಹತ್ತಿತು. ಅಕ್ಷರ ಹೊಡೆಯುವವರೆಗೆ ಸರಿಯಿರುತ್ತಿತ್ತು. ಚಿತ್ರ ಬರೆಯಲು ಹೊರಟರೆ ಪರದೆಯ ಮೇಲೆ ಹಸಿರು ಗೆರೆಗಳೆದ್ದು, ಯಂತ್ರ ಒಮ್ಮೆ ಕೂಗಿ, ಮರಗಟ್ಟಿ ನಿಲ್ಲುತ್ತಿತ್ತು. ಹೀಗಾಗುವುದಕ್ಕೆ ಹ್ಯಾಂಗ್ ಆಗುವುದು ಎನ್ನುತ್ತಾರೆಂದು ಷಣ್ಮುಖಪ್ಪ ಬಂದವರಿಗೆಲ್ಲ ಹೇಳಿದ. ಅದು ಬಾಯಿಂದ ಬಾಯಿಗೆ ಹೋಗಿ, ಕಂಪ್ಯೂಟರ್ ಅಂಗಡಿಯಲ್ಲಿ ದಿನಾ ಹ್ಯಾಂಗ್ ಆಗ್ತೈತಂತೆ ಎಂಬ ಸುದ್ದಿ ಠಾಣೆ ಮುಟ್ಟಿ, ಹೆಡ್ ಕಾನ್‌ಸ್ಟೇಬಲ್ ಬೆನಕಪ್ಪ ಬಂದು ತೊಲೆಗಳನ್ನೆಲ್ಲ ನೋಡಿಕೊಂಡು ಹೋದರು.

ಷಣ್ಮುಖಪ್ಪ ಸ್ಟೆಬಿಲೈಸರ್ ಹಾಕಿಸಿದ. ಪ್ಲಗ್ ಬದಲಿಸಿದ. ಯಂತ್ರದ ಎರಡೂ ಪಕ್ಕ ಟೇಬಲ್ ಫ್ಯಾನ್ ಇಟ್ಟ. ಮೇಜನ್ನು ಈಶಾನ್ಯಕ್ಕೆ ತಿರುಗಿಸಿ ನಿಂಬೆಹಣ್ಣು ಕಟ್ಟಿದ. ಪ್ರತಿ ಸಂಜೆ ಪಂಚಾಕ್ಷರಪ್ಪ ಹೋಗಿ ಎದುರು ಕುರ್ಚಿಯಲ್ಲಿ ಕುಳಿತು, "ಹೆಂಗೈತೆ ಇವತ್ತು?" ಎಂದು ಆಸ್ಪತ್ರೆಯಲ್ಲಿ ಕೇಳುವ ಧ್ವನಿಯಲ್ಲಿ ಕೇಳುತ್ತಿದ್ದ.

"ಮೂರು ಸಲ ಆತು ಅಣ್ಣಾರೆ. ಭಾನುವಾರ ಸಂಜೆ ಆರರ ಬಸ್ಸಿಗೆ ಬೆಂಗಳೂರಿಂದ ಇಂಜಿನಿಯರ್ ಬರ್ತಾನೆ. ರಿಪೇರಿ ಆಗಾಕೇ ಬೇಕು."

ಪಂಚಾಕ್ಷರಪ್ಪ ತಲೆದೂಗಿದ. ಇಂಜಿನಿಯರ್ ಬಂದರೆ ರಿಪೇರಿಯಾಗುತ್ತದೆ. ರಿಪೇರಿಯಾದರೆ ಉಳಿದ ಮೂರು ಯಂತ್ರಗಳಿಗೂ ಮುಸುಕು. ಹಾಗಾಗಬಾರದೆಂದರೆ ಇಂಜಿನಿಯರ್ ಬರುವ ಮೊದಲೇ ಕಂಪ್ಯೂಟರು ಸಾಯಬೇಕು. ಎಷ್ಟೋ ದಿನದಿಂದ ಕಾಯಿಲೆ ಬಿದ್ದಿರುವುದು ಸತ್ತರೆ ಯಾರೂ ಯಾರ ಮೇಲೂ ಅನುಮಾನ ಪಡುವುದಿಲ್ಲ. ಈ ಯೋಚನೆಯ ಅಚ್ಚುಕಟ್ಟು ಅವನಿಗೆ ಬಹಳ ಹಿಡಿಸಿತು.

ಅದೇ ಭಾನುವಾರ ಬಸವಾಪಟ್ಟಣದಲ್ಲಿ ನಂಟ ಬಸವರಾಜಪ್ಪನ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರ. ಎರಡೂ ಮನೆಯವರು ಬೆಳಗಿನ ಬಸ್ಸಿಗೆ ಹೋಗುವವರಿದ್ದರು. ಪಂಚಾಕ್ಷರಪ್ಪ ಲೆಕ್ಕ ಹಾಕಿದ. ಮೊದಲ ಪಂಕ್ತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಕೂತು ಮೂರು ಹೋಳಿಗೆ ತಿನ್ನುವುದು. ತಲೆನೋವೆಂದು ಹಿತ್ತಲ ಕೋಣೆಯಲ್ಲಿ ಮಲಗುವುದು. ಕಂಬಳಿಯೊಳಗೆ ದಿಂಬು ಬಿಟ್ಟು ಹನ್ನೆರಡೂ ಮುಕ್ಕಾಲಿನ ಬಸ್ಸು ಹಿಡಿಯುವುದು. ಭಾನುವಾರ ಮಧ್ಯಾಹ್ನ ಚನ್ನಗಿರಿಯ ಆ ಬೀದಿಯಲ್ಲಿ ನಾಯಿಗಳೂ ಎದ್ದಿರುವುದಿಲ್ಲ. ಅಂಗಡಿಯ ಇನ್ನೊಂದು ಬೀಗದ ಕೈಯನ್ನು ಪ್ರೇಮಮ್ಮ ಅಕ್ಕನ ಮನೆಯಲ್ಲೇ ಇಟ್ಟಿದ್ದಳು. ಕೆಲಸ ಮುಗಿಸಿ ಎರಡೂಕಾಲಿನ ಬಸ್ಸಿಗೆ ವಾಪಸು, ಟೀ ಹೊತ್ತಿಗೆ ಕಣ್ಣುಜ್ಜಿಕೊಂಡು ಏಳುವುದು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೇ ಇದ್ದಾನೆಂಬ ಗುರುತಿಗೆ ತನ್ನ ಚಪ್ಪಲಿಗಳನ್ನು ಕೋಣೆಯ ಬಾಗಿಲಲ್ಲೇ ಬಿಟ್ಟ. ಹೀಗಾಗಿ ಆ ಭಾನುವಾರ ಚನ್ನಗಿರಿ ಬಸ್‌ಸ್ಟ್ಯಾಂಡಿನಿಂದ ಷಡ್ಡಕನ ಅಂಗಡಿಯವರೆಗೆ ಕಾದ ಟಾರಿನ ಮೇಲೆ ಒಬ್ಬ ಗೌರವಸ್ಥ ಮೇಷ್ಟ್ರು ಬರಿಗಾಲಲ್ಲಿ ಕುಣಿಯುತ್ತ ಬಂದರು. ನೋಡಲು ಯಾರೂ ಇರಲಿಲ್ಲ.

ಒಳಗೆ ಹೋದವನೇ ಸ್ಕ್ರೂಡ್ರೈವರು ಕೈಗೆತ್ತಿಕೊಂಡ. ಹದಿನೇಳು ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಕೈ ಅದು. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟು, ಮುಚ್ಚಳ ಎತ್ತಿದ. ಒಳಗೆ ಅಕ್ಕಪಕ್ಕ ಎರಡು ಕಾರ್ಡುಗಳು ನಿಂತಿದ್ದವು, ಒಂದು ಉದ್ದ, ಒಂದು ಗಿಡ್ಡ. ಕಲರ್ ಯಾವುದು? ಅವನು ಕ್ರಮವಾಗಿ ಯೋಚಿಸಿದ. ಕಪ್ಪು ಬಿಳುಪಿಗೆ ಎರಡೇ ಬಣ್ಣ, ಕಲರ್‌ಗೆ ಬಹಳ ಬಣ್ಣ. ಬಹಳ ಬಣ್ಣಕ್ಕೆ ಬಹಳ ಜಾಗ ಬೇಕು. ಆದ್ದರಿಂದ ಉದ್ದನೆಯದೇ ಕಲರ್. ಗಿಡ್ಡದರ ಬೆನ್ನಿಗೆ ಒಂದು ವೈರು ಬೇರೆ ಸಿಕ್ಕಿಸಿತ್ತು, ಅದನ್ನು ಮುಟ್ಟಿದರೆ ಹೊರಗಿನಿಂದಲೇ ಗೊತ್ತಾಗುತ್ತದೆ. ಉದ್ದನೆಯದನ್ನು ಹಲ್ಲು ಕೀಳುವಂತೆ ಒಂದೇ ಎಳೆತಕ್ಕೆ ಕಿತ್ತು ಚೀಲಕ್ಕೆ ಹಾಕಿದ. ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದ.

ಜೀವ ಹೋಯಿತೋ ಇಲ್ಲವೋ ನೋಡದೆ ಹೋಗುವುದು ಅವನ ಜಾಯಮಾನವಲ್ಲ. ಪೆಟ್ಟಿಗೆಯ ಸ್ವಿಚ್ ಒತ್ತಿದ. ಫ್ಯಾನು ಗುರ್ ಎಂದಿತು. ಒಂದು ನಿಮಿಷ, ಎರಡು ನಿಮಿಷ ಕಾದ. ಪರದೆ ಹಂಚಿನಂತೆ ಕಪ್ಪಗೇ ಇತ್ತು.

ಸತ್ತಿತ್ತು.

ಬಸ್ಸಿಗೆ ಇನ್ನೂ ಹದಿನೈದು ನಿಮಿಷವಿತ್ತು. ಪಂಚಾಕ್ಷರಪ್ಪ ಕುರ್ಚಿ ಎಳೆದು ಕುಳಿತ. ಕೈಗಳು ತಾವಾಗಿಯೇ ಕೀಲಿಗಳ ಮೇಲೆ ಬಂದು ಕೂತವು. ಎಷ್ಟು ಹಗುರ ಕೀಲಿಗಳು. ಇಲ್ಲಿ ಕಾಗದವಿಲ್ಲ, ರಿಬ್ಬನ್ ಇಲ್ಲ, ಕಾರ್ಬನ್ ಪ್ರತಿಯಿಲ್ಲ. ಸತ್ತ ಯಂತ್ರದ ಮೇಲೆ ಹೊಡೆದದ್ದು ಗಾಳಿಗೆ ಹೇಳಿದಂತೆ. ಎರಡು ವರ್ಷ ನುಂಗಿಕೊಂಡದ್ದನ್ನು ಅವನು ನಿಮಿಷಕ್ಕೆ ಅರವತ್ತು ಪದದ ವೇಗದಲ್ಲಿ, ಕಚೇರಿ ಪತ್ರದ ಇಂಗ್ಲಿಷಿನಲ್ಲಿ, ದಿನಾಂಕದಿಂದ ಸಹಿಯವರೆಗೆ ಕ್ರಮ ತಪ್ಪದೆ ಹೊಡೆದು ಮುಗಿಸಿದ. ಎದೆ ಹಗುರಾಯಿತು. ಏಳುವಾಗ ಸ್ವಿಚ್ ಆರಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಇಡೀ ದಿನ ಉರಿಸಿಟ್ಟು ಹೋಗಿ ತಾನೇ ಸುಟ್ಟೆನೆಂದು ಷಣ್ಮುಖಪ್ಪ ಅಂದುಕೊಳ್ಳಲಿ. ಇದು ಯೋಜನೆಯಲ್ಲಿ ಇರಲಿಲ್ಲ, ಅಲ್ಲೇ ಹೊಳೆದದ್ದು. ಅವನಿಗೆ ತನ್ನ ಬಗ್ಗೆ ಗೌರವ ಹೆಚ್ಚಿತು.

ವಾಪಸು ಬಸ್ಸು ಸೂಳೆಕೆರೆಯ ಏರಿಯ ಮೇಲೆ ಬಂದಾಗ ಚೀಲದಿಂದ ಕಾರ್ಡು ತೆಗೆದು ಕಿಟಕಿಯಿಂದ ನೀರಿಗೆ ಬೀಸಿದ. ಪಕ್ಕದಲ್ಲಿದ್ದ ಮುದುಕಿ ಕೈಮುಗಿದಳು.

"ಗಂಗಮ್ಮಗೆ ಹರಕೆ ಏನ್ರಿ ಯಪ್ಪಾ?"

"ಹೂನಮ್ಮ."

"ಬರಿಗಾಲಾಗೆ ಬಂದೀರಿ. ಒಳ್ಳೇದಾಗ್ತೈತೆ ಬಿಡ್ರಿ."

ಟೀ ಹೊತ್ತಿಗೆ ಅವನು ಕಣ್ಣುಜ್ಜಿಕೊಂಡು ಕೋಣೆಯಿಂದ ಬಂದ. "ಎಷ್ಟೊತ್ತು ನಿದ್ದೆ ಹೊಡೆದ್ರಿ ಭಾವ," ಎಂದು ಪ್ರೇಮಮ್ಮ ಹತ್ತು ಜನರ ಎದುರು ನಕ್ಕಳು. ಅವನು ಆ ಹತ್ತೂ ಮುಖಗಳನ್ನು ಸಾಕ್ಷಿಗಳಾಗಿ ಎಣಿಸಿಕೊಂಡ.

ಸಂಜೆ ಆರೂವರೆಗೆ ಎಲ್ಲರೂ ಚನ್ನಗಿರಿಗೆ ಮರಳಿದರು. ಇಂಜಿನಿಯರ್ ಆಗಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ನಿಯಾಜ್ ಅಹಮದ್ ಎಂಬ ಆ ಯುವಕ ಪಂಚಾಕ್ಷರಪ್ಪನನ್ನು ಕಂಡವನೇ ಎದ್ದು ಕೈಮುಗಿದ.

"ಮೇಷ್ಟ್ರೇ, ಗುರುತು ಸಿಗ್ಲಿಲ್ವಾ? ಎಂಬತ್ತೆರಡರಾಗೆ ನಿಮ್ಮ ಹತ್ರಾನೇ ಟೈಪಿಂಗ್ ಸೀನಿಯರ್ ಪಾಸಾದೆ. ಬಸ್‌ಸ್ಟ್ಯಾಂಡಿನ ಮುರ್ತುಜಾಸಾಬರ ಮಗ."

ಸಂತೋಷವಾಯಿತೆಂದು ಪಂಚಾಕ್ಷರಪ್ಪ ಹೇಳಿದ. ನಿಜಕ್ಕೂ ಆಗಿತ್ತು. ತನ್ನ ಶಿಷ್ಯನೇ ಬಂದು ಮರಣಪತ್ರ ಬರೆಯುವುದಕ್ಕಿಂತ ಹೆಚ್ಚಿನದು ಏನಿದೆ?

ಬಾಗಿಲು ತೆಗೆದೊಡನೆ ಫ್ಯಾನಿನ ಸದ್ದು ಕೇಳಿತು. "ಬೆಳಗ್ಗಿಂದ ಹಂಗೇ ಬಿಟ್ಟು ಹೋಗೀನಾ?" ಎಂದು ಷಣ್ಮುಖಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. "ಪರದೆ ಕಪ್ಪಗಾಗೈತೆ. ಸುಟ್ಟೇಹೋತು." ಯೋಜಿಸಿದ ಮಾತುಗಳೇ ಯೋಜಿಸಿದ ಬಾಯಿಂದ ಬರುತ್ತಿದ್ದವು. ಪಂಚಾಕ್ಷರಪ್ಪ ಅವನ ಭುಜ ತಟ್ಟಿ, "ಹೋಗ್ಲಿ ಬಿಡೋ, ಯಂತ್ರ ತಾನೆ," ಎಂದ. ಹೆಂಗಸರಿಬ್ಬರೂ ಒಳಗೆ ಬಂದು ನಿಂತರು.

ನಿಯಾಜ್ ಟಾರ್ಚ್ ಹಿಡಿದು ಮೇಜಿನ ಹಿಂದೆ ಬಗ್ಗಿ ಪೆಟ್ಟಿಗೆಯ ಬೆನ್ನು ನೋಡಿದ. "ನಿಮ್ಮ ಕಾಗದ ನೋಡಿ ನಾನು ಅಂದ್ಕೊಂಡಿದ್ದೇ ಬೇರೆ ಸರ್. ಹಳೇ ಉದ್ದನೆ ಕಾರ್ಡೂ ಒಳಗೇ ಉಳಿಸಿರ್ತಾರೆ, ಚಿತ್ರ ಬರೋ ಹೊತ್ತಿಗೆ ಎರಡೂ ಒಂದೇ ಜಾಗಕ್ಕೆ ಜಗಳ ಮಾಡಿ ಹ್ಯಾಂಗ್ ಆಗ್ತೈತೆ ಅಂತ. ಆದ್ರೆ ನೀವು ಹಳೇದನ್ನ ತೆಗೆದೇಬಿಟ್ಟೀರಿ. ಕಲರ್ ಒಂದೇ ಐತೆ. ಸರಿಯಾಗೇ ಮಾಡೀರಿ."

"ನಾನು ತೆಗೆದಿಲ್ಲಪ್ಪಾ," ಎಂದ ಷಣ್ಮುಖಪ್ಪ.

ಪಂಚಾಕ್ಷರಪ್ಪ ಷಡ್ಡಕನ ಭುಜದ ಮೇಲಿನ ಕೈ ತೆಗೆದ. ರೋಗಿಯನ್ನು ಕೊಲ್ಲಲು ಹೋಗಿ ರೋಗವನ್ನು ಕೊಂದಿದ್ದ. ಆದರೂ ಅವನು ಧೈರ್ಯ ತಂದುಕೊಂಡ. ಕಾರ್ಡು ಕೆರೆಯ ತಳದಲ್ಲಿದೆ, ಹತ್ತು ಸಾಕ್ಷಿಗಳಿದ್ದಾರೆ. ಕಂಪ್ಯೂಟರು ಬದುಕಿದರೆ ಬದುಕಲಿ. ಮಾಡಿದವರು ಯಾರೆಂದು ಶಿವನಿಗೂ ತಿಳಿಯುವಂತಿಲ್ಲ.

ನಿಯಾಜ್ ಎದ್ದು ಮೊಣಕಾಲಿನ ಧೂಳು ಒರೆಸಿಕೊಂಡ. "ಸುಟ್ಟಿಲ್ಲ ಸರ್, ಮಿಷನ್ ಚೆನ್ನಾಗೇ ಓಡ್ತೈತೆ. ಈ ಕಲರ್ ಪರದೆಗೆ ಬೇರೆ ಸ್ವಿಚ್ಚು, ಅದನ್ನ ಯಾರೂ ಹಾಕೇ ಇಲ್ಲ ನೋಡ್ರಿ," ಎಂದು ಪರದೆಯ ಕೆಳಗಿನ ಪುಟ್ಟ ಗುಂಡಿ ಒತ್ತಿದ. ಗಾಜಿನೊಳಗೆ ನಿಧಾನವಾಗಿ ಬೆಳಕು ಮೂಡಿತು. ಭಾನುವಾರದ ದಿನಾಂಕ, ಅದರ ಕೆಳಗೆ, ಮಾನ್ಯ ಷಡ್ಡಕರೇ, ತಮ್ಮ ಕಲರ್ ಕಾರ್ಡನ್ನು ಈ ದಿನ ಮಧ್ಯಾಹ್ನ ಸ್ವತಃ ನಾನೇ ಕಿತ್ತಿದ್ದೇನೆಂದು ತಿಳಿಸಲು ಹರ್ಷಿಸುತ್ತೇನೆ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ, ಕೊನೆಯಲ್ಲಿ, ತಮ್ಮ ವಿಧೇಯ, ಪಂಚಾಕ್ಷರಪ್ಪ, ಪ್ರಿನ್ಸಿಪಾಲರು. ಒಂದೊಂದು ಸಾಲಿನ ಕೆಳಗೂ ಕಂಪ್ಯೂಟರು 'ಬ್ಯಾಡ್ ಕಮಾಂಡ್' ಎಂದು ತನ್ನ ಅಭಿಪ್ರಾಯ ತಿಳಿಸಿತ್ತು. ನಿಯಾಜ್ ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದ, ಹಳೆಯ ಗೌರವದಿಂದ ಗುರುಗಳ ಕಡೆ ತಿರುಗಿದ, ಮತ್ತು ಮೆಲ್ಲಗೆ ಹೇಳಿದ: "ಮೇಷ್ಟ್ರೇ, ಒಂದು ಅಕ್ಷರಾನೂ ತಪ್ಪಿಲ್ಲ."