ಆರು ಚೀಲ ಜಿಯೋಲೈಟ್

ಬೂದಿಯನ್ನು ಯಾರಾದರೂ ಕದಿಯುತ್ತಾರೆಯೇ? ಎಫ್‌ಐಆರ್‌ಗೆ ಸಹಿ ಹಾಕಿದ ಮೇಲೂ ಇನ್‌ಸ್ಪೆಕ್ಟರ್ ರತ್ನಾಕರನ ಅನುಮಾನ ಹೋಗಿರಲಿಲ್ಲ. 2006ರ ಮಾರ್ಚ್ 10, ಶುಕ್ರವಾರ. ಪಟ್ಟಂನ ಪ್ರಯೋಗಾಲಯವೊಂದರಿಂದ ಆರು ಚೀಲ ಪುಡಿ ಕಾಣೆಯಾಗಿದೆಯೆಂದು ದೂರು ಕೊಟ್ಟ ಪ್ರೊಫೆಸರ್ ಕಾಶೀನಾಥ ಎದುರಿಗೇ ಕುಳಿತಿದ್ದರು. ಧಾರವಾಡದವರು. ಇನ್‌ಸ್ಪೆಕ್ಟರ್ ಕಾಸರಗೋಡಿನವನೆಂದು ತಿಳಿದದ್ದೇ ಮಲಯಾಳ ಬಿಟ್ಟು ಕನ್ನಡಕ್ಕೆ ಹೊರಳಿದ್ದರು.

"ಬೂದಿ ಅನ್ನಬ್ಯಾಡ್ರಿ. ಕಲ್ಲಿದ್ದಲ ಬೂದಿ ಕಾಸ್ಟಿಕ್ ಸೋಡಾದಾಗ ಕುದಿಸಿ ಮಾಡಿದ ಜಿಯೋಲೈಟ್ ಅದು. ನೀರಿನ್ಯಾಗಿನ ಸೀಸ ಹಿಡಕೋತದ. ಸೋಮವಾರ ಎಡಪ್ಪಳ್ಳಿ ಸಾಲಿಯ ಫಿಲ್ಟರಿಗೆ ತುಂಬೋದಿತ್ತು."

"ಬೀಗದ ಕೈ ಯಾರ ಹತ್ರ ಉಂಟು?"

"ನನ್ನ ಹತ್ರ, ಅಚ್ಯುತನ ಹತ್ರ. ಅಂವ ಧಾರವಾಡದಿಂದ ನನ್ನ ಕೂಡ ಬಂದ ಶಿಷ್ಯ. ಅವನ ಮ್ಯಾಲೆ ಸಂಶಯ ಪಡಬ್ಯಾಡ್ರಿ."

ಬೀಗ ಒಡೆದಿರಲಿಲ್ಲ. ಅಚ್ಯುತನ ಫೋನು ಸ್ವಿಚ್ ಆಫ್. ಹೆಡ್ ಕಾನ್‌ಸ್ಟೇಬಲ್ ಸುಕುಮಾರನ್ ಸಂಜೆಯೊಳಗೆ ಚೀಲ ಸಾಗಿಸಿದ ಪಿಕಪ್ ಗಾಡಿಯ ಚಾಲಕನನ್ನು ಹಿಡಿದು ತಂದ. ಚೀಲಗಳನ್ನು ಇಳಿಸಿದ್ದು ಕೊಚ್ಚಿಯ ಎಡಪ್ಪಳ್ಳಿಯಲ್ಲೇ, ಒಂದು ಲಾಡ್ಜಿನಲ್ಲಿ.

"ಸಾರೇ, ಅಲ್ಲಿನ ಮ್ಯಾನೇಜರ್ ನಮಗಾಗಿಯೇ ಕಾಯ್ತಾ ಇದ್ದಾನೆ," ಸುಕುಮಾರನ್ ನಕ್ಕ. "ಚರಂಡಿ ಕಟ್ಟಿಹೋಗಿದೆಯಂತೆ."

ಶನಿವಾರ ಮಧ್ಯಾಹ್ನ ಲಾಡ್ಜಿನ ಕೋಣೆಯ ಬಾಗಿಲು ತೆರೆದಾಗ ಅಚ್ಯುತ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬಕೆಟ್ಟುಗಳ ತುಂಬ ಬೂದುಬಣ್ಣದ ಕೆಸರು. ಲಾಡ್ಜಿನ ಹೊದಿಕೆಗಳಲ್ಲಿ ಸೋಸಿದ ಪುಡಿ. ಅವನ ಬೆರಳುಗಳ ಚರ್ಮ ಸುಲಿದಿತ್ತು.

"ಎಂತದು ಮಾರಾಯ ಇದು? ನೀನೇ ಕದ್ದದ್ದಾ?"

"ಹೌದ್ರಿ. ಸರಿಯಾಗಿ ತೊಳದಿರಲಿಲ್ಲ. ಸೋಡಾ ಉಳದದ. ಮಕ್ಕಳು ಕುಡಿದ್ರ ಗಂಟಲಾ ಸುಡತದ. ಸೋಮವಾರದೊಳಗ ತೊಳದು ಸಾಲಿಗೆ ಮುಟ್ಟಸ್ತಿದ್ದೆ."

"ಮೇಷ್ಟ್ರಿಗೆ ಹೇಳ್ಲಿಕ್ಕೆ ಏನಾಗಿತ್ತು?"

ಅಚ್ಯುತ ಮತ್ತೆ ಬಕೆಟ್ಟಿನೊಳಗೆ ಕೈ ಹಾಕಿ ಕೆಸರು ಕಲಕಿದ.

"ಮೊದಲು ತೊಳೆದದ್ದು ಯಾರು?"

ನಲ್ಲಿ ಸುರಿಯುತ್ತಲೇ ಇತ್ತು.

"ನಾನೇ ರೀ."

ಪಂಚನಾಮೆ ಮುಗಿಸಿ ಅವನನ್ನು ಬಂಧಿಸಿದರು.

ಭಾನುವಾರ ಮಾಲು ಗುರುತಿಸಲು ಕಾಶೀನಾಥ ಠಾಣೆಗೆ ಬಂದರು. ಬಿಚ್ಚದೆ ಉಳಿದಿದ್ದ ಒಂದು ಚೀಲದಿಂದ ಚಿಟಿಕೆ ಪುಡಿ ತೆಗೆದು ನೀರಲ್ಲಿ ಕಲಸಿ, ಪರೀಕ್ಷೆಯ ಕಾಗದ ಅದ್ದಿ ಎತ್ತಿ ಹಿಡಿದರು.

"ನೋಡ್ರಿ, ಹಸರು! ಹಸರು ಬಂತಂದ್ರ ಸೋಡಾ ಹೋಗೇದ ಅಂತ. ತೊಳಿಯೋ ಕೆಲಸ ನಾ ಯಾರಿಗೂ ಬಿಡಂಗಿಲ್ಲ. ನಾನೇ ತೊಳದು, ನಾನೇ ಬಣ್ಣಾ ನೋಡತೀನಿ. ಎಲ್ಲಾ ಬರೋಬರಿ ಇತ್ತು. ಯಾಕ ಕದ್ದಾ ಅಂವ?"

ಕಾಗದ ಕಡುನೀಲಿಯಾಗಿತ್ತು.

ರತ್ನಾಕರ ವಯಸ್ಸಾದ ಪ್ರೊಫೆಸರರ ದಪ್ಪ ಕನ್ನಡಕದ ಹಿಂದಿನ ಮಂಜುಗಟ್ಟಿದ ಕಣ್ಣು ನೋಡಿದ. ಏನೋ ಹೇಳಲು ಬಾಯಿ ತೆರೆದ. ಲಾಕಪ್ಪಿನ ಸರಳಿನ ಹಿಂದೆ ಅಚ್ಯುತ ಬೇಡವೆಂದು ತಲೆಯಾಡಿಸುತ್ತಿದ್ದ. ಇನ್‌ಸ್ಪೆಕ್ಟರ್ ಬಾಯಿ ಮುಚ್ಚಿಕೊಂಡ.

ಜೂನಿನಲ್ಲಿ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಯಿತು. ಆ ಪುಡಿಯನ್ನು ಮೊದಲು ತೊಳೆದದ್ದು ತಾನಲ್ಲ ಎಂದು ಅಚ್ಯುತ ಯಾವತ್ತೂ ಹೇಳಲಿಲ್ಲ.